ನಿಮ್ಮ ಕಡೆಯವರು ಯಾರು?

(ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗ್ಗಿನಿಂದ ಉಳಿತಾಯ, ಸಾಲ, ಮರುಪಾವತಿ, ಪುಸ್ತಕ ಬರವಣಿಗೆ ಎಂದು ನೀವು ಸಾಕಷ್ಟು ಕೇಳಿದ್ದೀರಿ. ಈಗ ಊಟವೂ ಆಗಿದೆ. ಊಟ ಆದ ಮೇಲೆ ಕೂತು ಮಾತು ಕೇಳುವುದು ಎಷ್ಟು ಕಷ್ಟ ಅಂತ ನಮಗೂ ಗೊತ್ತು. ಆದರೂ ಅರ್ಧ ಗಂಟೆ ನಿಮ್ಮ ಗಮನ ಕೇಳುತ್ತಿದ್ದೇವೆ. ನಾವು ಮಾತನಾಡಬೇಕೆಂದಿರುವುದು ಮನೆಯಿಲ್ಲದ ಯುವಜನರ ಬಗ್ಗೆ. ರೈಲು ನಿಲ್ದಾಣ, ಬಸ್ ಸ್ಟ್ಯಾಂಡ್, ಮಾರ್ಕೆಟ್, ಮೇಲ್ಸೇತುವೆಯ ಕೆಳಗೆ ಮಲಗುವ ಹದಿನಾರು, ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರ ಬಗ್ಗೆ.

"ಅದು ಬೆಂಗಳೂರಿನ ಸಮಸ್ಯೆ ಸಿಸ್ಟರ್, ನಮ್ಮ ಹಳ್ಳಿಗೇನು ಸಂಬಂಧ?" ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳಿರಬಹುದು. ಸಂಬಂಧ ಇದೆ. ಬೆಂಗಳೂರಿನ ಪ್ಲಾಟ್‌ಫಾರ್ಮಿನಲ್ಲಿ ಮಲಗುವ ಹುಡುಗ ಪ್ಲಾಟ್‌ಫಾರ್ಮಿನಲ್ಲಿ ಹುಟ್ಟಿದವನಲ್ಲ. ಅವನು ಯಾವುದೋ ಊರಿನಿಂದ, ಯಾವುದೋ ಮನೆಯಿಂದ ಹೊರಟು ಬಂದವನು. ಆ ಊರು ನಮ್ಮದೂ ಆಗಿರಬಹುದು. ಇನ್ನೊಂದು ಕಾರಣವೂ ಇದೆ. ಆ ಮಕ್ಕಳಿಗೆ ಅತಿ ಹೆಚ್ಚು ಬೇಕಾದ ಒಂದು ವಿಷಯ ನಿಮ್ಮ ಕೈಯಲ್ಲಿದೆ. ಅದೇನೆಂದು ಮುಂದೆ ಹೇಳುತ್ತೇವೆ.

ಎಲ್ಲ ಕಡೆ ಕೇಳುವ ಒಂದೇ ಪ್ರಶ್ನೆ

ನಮ್ಮಲ್ಲಿ ಒಂದು ಮಾತಿದೆ: "ಕಡೆಯವರು." ಮದುವೆಗೆ ಹೋದರೆ, "ನೀವು ಹೆಣ್ಣಿನ ಕಡೆಯವರಾ, ಗಂಡಿನ ಕಡೆಯವರಾ?" ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಲ್ಲಿ ನಿಂತು, "ಪೇಷೆಂಟ್ ಕಡೆಯವರು ಯಾರು?" ಎಂದು ಕೂಗುತ್ತಾರೆ. ಪೊಲೀಸ್ ಠಾಣೆಯಲ್ಲಿ, "ನಿನ್ನ ಕಡೆಯವರನ್ನು ಕರೆಸು" ಎನ್ನುತ್ತಾರೆ. ಬಾಡಿಗೆ ಮನೆ ಕೇಳಿದರೆ ಓನರ್ ಮೊದಲು ಕೇಳುವುದು, "ಮನೆಯವರು ಎಲ್ಲಿದ್ದಾರೆ?" ಬ್ಯಾಂಕಿನ ಫಾರಂನಲ್ಲಿ ನಾಮಿನಿ ಹೆಸರು ಬರೆಯಬೇಕು. ಕೆಲಸಕ್ಕೆ ಸೇರುವಾಗ ಗೊತ್ತಿದ್ದವರು ಒಬ್ಬರು ಹೇಳಬೇಕು.

ನಮಗೆ ಇವು ಕಷ್ಟದ ಪ್ರಶ್ನೆಗಳೇ ಅಲ್ಲ. ಗಂಡನ ಹೆಸರೋ, ಅಣ್ಣನ ಹೆಸರೋ, ಪಕ್ಕದ ಮನೆಯವರ ಹೆಸರೋ ಹೇಳಿಬಿಡುತ್ತೇವೆ. ಆದರೆ ಇಪ್ಪತ್ತರ ಹುಡುಗನೊಬ್ಬ ಈ ಪ್ರಶ್ನೆಗೆ ತಲೆ ತಗ್ಗಿಸಿ ನಿಂತರೆ, ಅವನ ಎದುರಿಗಿದ್ದ ಬಾಗಿಲು ಅಲ್ಲಿಗೇ ಮುಚ್ಚಿತು. ಚಿಕಿತ್ಸೆಯ ಬಾಗಿಲು, ಬಾಡಿಗೆ ಮನೆಯ ಬಾಗಿಲು, ಕೆಲಸದ ಬಾಗಿಲು.

ಮನೆಯಿಲ್ಲ ಎಂದರೆ ಸೂರಿಲ್ಲ ಎಂದು ಮಾತ್ರ ನಾವು ತಿಳಿಯುತ್ತೇವೆ. ಸೂರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮಕ್ಕಳ ಜೊತೆ ಕೆಲಸ ಮಾಡುವವರೆಲ್ಲ ಕಂಡಿರುವ ಸತ್ಯ ಏನೆಂದರೆ, ಸೂರಿಗಿಂತ ಮೊದಲೇ ಕಳೆದುಹೋಗಿರುವುದು ಈ "ಕಡೆಯವರು". ಅವರನ್ನು ಮತ್ತೆ ಸಂಪಾದಿಸಿಕೊಳ್ಳುವ ತನಕ ಕೊಟ್ಟ ಸೂರೂ ನಿಲ್ಲುವುದಿಲ್ಲ.

ಎಷ್ಟು ಜನ, ಯಾರು?

ಜನಗಣತಿಯವರು ವಸತಿರಹಿತರನ್ನು ಬೇರೆಯಾಗಿ ಎಣಿಸುತ್ತಾರೆ. ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಪೈಪಿನೊಳಗೆ, ಮೇಲ್ಸೇತುವೆ ಮತ್ತು ಮೆಟ್ಟಿಲುಗಳ ಕೆಳಗೆ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರ್ಮ್, ಇಂಥ ಕಡೆ ಬದುಕುವವರು ಆ ಲೆಕ್ಕಕ್ಕೆ ಬರುತ್ತಾರೆ. 2011ರ ಫೆಬ್ರವರಿ 28ರ ರಾತ್ರಿ ಹೀಗೆ ಎಣಿಸಿದಾಗ ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕರು. ನಮ್ಮ ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ಒಂದೇ ರಾತ್ರಿಯಲ್ಲಿ, ಟಾರ್ಚ್ ಹಿಡಿದು ಎಣಿಸಿದಾಗ ಸಿಕ್ಕವರು ಇಷ್ಟು. ಪೊಲೀಸರನ್ನು ಕಂಡರೆ ಓಡುವ ಹುಡುಗರು, ಯಾರ ಕಣ್ಣಿಗೂ ಬೀಳದಂತೆ ಮಲಗುವ ಹುಡುಗಿಯರು ಇಂಥ ಎಣಿಕೆಗೆ ಸಿಗುವುದು ಕಷ್ಟ.

ಬೀದಿಯಲ್ಲಿ ಕಾಣುವ ಮಕ್ಕಳೆಲ್ಲ ಒಂದೇ ರೀತಿಯವರಲ್ಲ. ಕೆಲವರು ಹಗಲು ಬೀದಿಯಲ್ಲಿ ದುಡಿದು ರಾತ್ರಿ ಮನೆಗೆ ಹೋಗುತ್ತಾರೆ. ಕೆಲವರು ಅಪ್ಪ ಅಮ್ಮನ ಜೊತೆಗೇ ಬೀದಿಯಲ್ಲಿ ಇದ್ದಾರೆ. ಮೂರನೆಯವರು ಮನೆಯ ನಂಟೇ ಕಡಿದುಕೊಂಡವರು. ಇವತ್ತು ನಾವು ಹೆಚ್ಚಾಗಿ ಮಾತನಾಡುತ್ತಿರುವುದು ಈ ಮೂರನೆಯವರ ಬಗ್ಗೆ.

ಇವರಲ್ಲಿ ಹೆಚ್ಚಿನವರು ಬರುವುದು ರೈಲಿನಲ್ಲಿ. ರೈಲ್ವೆ ರಕ್ಷಣಾ ಪಡೆಯವರು 2018ರಿಂದ 2024ರ ಮೇ ತನಕ ರೈಲು ಮತ್ತು ನಿಲ್ದಾಣಗಳಲ್ಲಿ 84,000ಕ್ಕೂ ಹೆಚ್ಚು ಮಕ್ಕಳನ್ನು ರಕ್ಷಿಸಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಮನೆ ಬಿಟ್ಟು ಬಂದವರು.

ಯಾಕೆ ಬಿಡುತ್ತಾರೆ? ನಾವು ಕೇಳಿದ ಕಾರಣಗಳು ನಿಮಗೂ ಹೊಸದಲ್ಲ. ಅಪ್ಪನ ಕುಡಿತ, ಹೊಡೆತ. ತಾಯಿ ತೀರಿಕೊಂಡ ಮೇಲೆ ಬೇಡದ ಮಗು ಆಗಿಹೋದದ್ದು. ಪರೀಕ್ಷೆಯಲ್ಲಿ ಫೇಲಾಗಿ ಮುಖ ತೋರಿಸಲು ಹೆದರಿಕೆ. ಶಾಲೆಯಲ್ಲಿ ಅವಮಾನ. ಮನೆಯೊಳಗೇ ಯಾರಿಂದಲೋ ಆದ, ಬಾಯಿಬಿಟ್ಟು ಹೇಳಲಾಗದ ಕಿರುಕುಳ. ಬಡತನ ಇದೆಲ್ಲದರ ಹಿಂದೆ ಇದೆ. ಆದರೆ ಬಡತನ ಒಂದೇ ಕಾರಣವಾಗಿದ್ದರೆ ಬಡವರ ಮಕ್ಕಳೆಲ್ಲ ಓಡಿಹೋಗಬೇಕಿತ್ತು. ಹಾಗಾಗಿಲ್ಲ. ಮಗುವಿನ ಮಾತು ಕೇಳಿಸಿಕೊಳ್ಳುವ ಒಬ್ಬರಾದರೂ, ಅಜ್ಜಿಯೋ, ಚಿಕ್ಕಮ್ಮನೋ, ಪಕ್ಕದ ಮನೆಯ ಅಕ್ಕನೋ, ಇದ್ದ ಮನೆಯಿಂದ ಮಗು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಬೀದಿಯಲ್ಲೂ ಒಂದು ಬಳಗ

ಬೀದಿಗೆ ಬಂದ ಹುಡುಗ ಒಂಟಿಯಾಗಿ ಹೆಚ್ಚು ದಿನ ಉಳಿಯಲಾರ. ಎರಡು ಮೂರು ದಿನದೊಳಗೆ ಯಾವುದಾದರೊಂದು ಗುಂಪಿಗೆ ಸೇರಿಬಿಡುತ್ತಾನೆ. ಅಲ್ಲಿ ಅವನಿಗೊಂದು ಹೊಸ ಹೆಸರು ಸಿಗುತ್ತದೆ. ದೊಡ್ಡವನೊಬ್ಬ "ಅಣ್ಣ" ಆಗುತ್ತಾನೆ. ಬಾಟಲಿ ಆಯುವುದು, ಹೋಟೆಲಿನಲ್ಲಿ ಲೋಟ ತೊಳೆಯುವುದು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವುದು, ಎಲ್ಲವನ್ನೂ ಗುಂಪೇ ಕಲಿಸುತ್ತದೆ. ಒಬ್ಬನಿಗೆ ಊಟ ಸಿಕ್ಕಿದರೆ ನಾಲ್ವರು ಹಂಚಿಕೊಳ್ಳುತ್ತಾರೆ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ದುಡಿಮೆ ಬಿಟ್ಟು ಪಕ್ಕದಲ್ಲಿ ಕೂರುತ್ತಾನೆ.

ಚಲಿಸುವ ರೈಲಿನಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬ ಹುಡುಗನನ್ನು ನೋಡಲು ನಾವು ಒಂದು ಆಸ್ಪತ್ರೆಗೆ ಹೋಗಿದ್ದೆವು. ಅವನ ಗೆಳೆಯರು ನಾಲ್ವರು ಪಾಳಿ ಹಾಕಿಕೊಂಡು ರಾತ್ರಿ ಹಗಲು ಕಾಯುತ್ತಿದ್ದರು. ಆದರೆ ಅವರನ್ನು ವಾರ್ಡಿನೊಳಗೆ ಬಿಟ್ಟಿರಲಿಲ್ಲ. ಬಟ್ಟೆ ಕೊಳಕು, ಕೈಯಲ್ಲಿ ಗುರುತಿನ ಚೀಟಿ ಇಲ್ಲ. ಗೇಟಿನ ಹೊರಗೆ ಕೂತು, ಒಳಗೆ ಹೋಗುವವರ ಕೈಯಲ್ಲಿ ಬನ್ನು, ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದರು. ಒಳಗೆ ಕಾಗದದಲ್ಲಿ "ಕಡೆಯವರು ಯಾರೂ ಇಲ್ಲ" ಎಂದು ಬರೆದಿತ್ತು. ಕಡೆಯವರು ನಾಲ್ಕು ಜನ ಗೇಟಿನಲ್ಲೇ ಇದ್ದರು! ಆದರೆ ಅವರನ್ನು ಕಡೆಯವರು ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆದ್ದರಿಂದ "ಪುಂಡರ ಗುಂಪು" ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಾರದು. ಹಾಗೆಂದು ಆ ಗುಂಪು ಒಳ್ಳೆಯದೇ ಎಂದೂ ನಾವು ಹೇಳುವುದಿಲ್ಲ. ಅದೇ ಗುಂಪು ಸೊಲ್ಯೂಷನ್ ಮೂಸುವುದನ್ನು ಕಲಿಸುತ್ತದೆ. ಸೈಕಲ್ ಪಂಕ್ಚರಿಗೆ ಹಚ್ಚುವ ಅಂಟನ್ನು ಬಟ್ಟೆಗೆ ಹಾಕಿ ಮೂಸಿದರೆ ಹಸಿವು, ಚಳಿ, ಹೆದರಿಕೆ ಮರೆಯುತ್ತದೆ ಎನ್ನುತ್ತಾರೆ. ಮಿದುಳು, ಶ್ವಾಸಕೋಶ ಹಾಳಾಗುವುದು ಆಮೇಲೆ. ಅದೇ "ಅಣ್ಣ" ಚಿಕ್ಕವನ ದುಡಿಮೆ ಕಿತ್ತುಕೊಳ್ಳಲೂಬಹುದು, ಕಳ್ಳತನಕ್ಕೆ ಇಳಿಸಲೂಬಹುದು. ಮತ್ತೆ ಯಾಕೆ ಬಿಡುವುದಿಲ್ಲ? ಬಿಟ್ಟರೆ ಹೋಗಲು ಬೇರೆ ಬಳಗ ಇಲ್ಲ. ಹೊಡೆಯುವ ಗಂಡನನ್ನು ಬಿಡಲಾಗದೆ ಇರುವ ಎಷ್ಟು ಹೆಂಗಸರ ಕಷ್ಟ ನಾವು ನೀವು ಕೇಳಿಲ್ಲ? ಇದೂ ಹಾಗೆಯೇ.

ಇನ್ನೊಂದು ಕೊರತೆಯೂ ಇದೆ. ಆ ಗುಂಪಿನಲ್ಲಿರುವವರೆಲ್ಲ ಒಂದೇ ಸ್ಥಿತಿಯವರು. ಒಬ್ಬನಿಗೆ ಗೊತ್ತಿರುವ ಕೆಲಸವೇ ಎಲ್ಲರಿಗೂ ಗೊತ್ತು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಬರೆದ ಒಂದು ಲೇಖನ ಸಮಾಜಕಾರ್ಯ ಓದಿದವರಿಗೆ ಪರಿಚಯವಿರುತ್ತದೆ. ಜನರಿಗೆ ಹೊಸ ಕೆಲಸದ ಸುದ್ದಿ ಸಿಗುವುದು ಹೆಚ್ಚಾಗಿ ತೀರಾ ಹತ್ತಿರದ ಗೆಳೆಯರಿಂದಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯದವರಿಂದ ಎಂದು ಅವರು ತೋರಿಸಿದರು. ಯೋಚಿಸಿ ನೋಡಿ, ನಿಮ್ಮ ಮಗನಿಗೆ ಕೆಲಸ ಸಿಕ್ಕಿದ್ದು ಹೇಗೆ? ಯಾರೋ ಸಂಬಂಧಿಕರ ಪರಿಚಯದವರು ಹೇಳಿದ್ದಲ್ವಾ? ಬೀದಿಯ ಹುಡುಗನಿಗೆ ಪ್ರಾಣ ಕೊಡುವ ಗೆಳೆಯರಿದ್ದಾರೆ. ಆದರೆ "ನನ್ನ ತಮ್ಮನ ಗ್ಯಾರೇಜಿನಲ್ಲಿ ಹುಡುಗ ಬೇಕಂತೆ" ಎಂದು ಹೇಳುವ ಒಬ್ಬ ಪರಿಚಯದ ಅಕ್ಕ ಇಲ್ಲ.

ಕೋಣೆ ಸಿಕ್ಕಿತು, ಹುಡುಗ ನಿಲ್ಲಲಿಲ್ಲ

ಹತ್ತೊಂಬತ್ತು ವರ್ಷದ ಒಬ್ಬ ಯುವಕನಿಗೆ ದಾನಿಗಳ ನೆರವಿನಿಂದ ಒಂದು ಕೋಣೆ, ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಮಂಚ, ಫ್ಯಾನು, ಸ್ಟವ್ ಎಲ್ಲ ಇತ್ತು. ಇಪ್ಪತ್ತು ದಿನಕ್ಕೆ ಅವನು ಮತ್ತೆ ರೈಲು ನಿಲ್ದಾಣಕ್ಕೆ ಹೋಗಿ ಮಲಗಿದ. "ಇಷ್ಟೆಲ್ಲ ಮಾಡಿಕೊಟ್ಟರೂ ಇವರ ಬುದ್ಧಿ ಇಷ್ಟೇ" ಎಂದು ಕೊಟ್ಟವರು ಬೇಸರಪಟ್ಟರು. ನಾವು ಅವನನ್ನೇ ಹೋಗಿ ಕೇಳಿದೆವು. ಅವನು ಹೇಳಿದ್ದು ಇದು: "ಅಲ್ಲಿ ಎಲ್ಲ ಇತ್ತು ಸಿಸ್ಟರ್. ಆದ್ರೆ ರಾತ್ರಿ ನಾನು ಬಂದ್ನೋ ಇಲ್ವೋ ಅಂತ ಕೇಳೋರು ಯಾರೂ ಇರ್ಲಿಲ್ಲ. ಇಲ್ಲಿ ಅರ್ಧ ಗಂಟೆ ಲೇಟಾದ್ರೆ ಹುಡುಕ್ಕೊಂಡು ಬರ್ತಾರೆ."

ಈ ಮಾತನ್ನು ನೀವು ಮನೆಗೆ ತೆಗೆದುಕೊಂಡು ಹೋಗಬೇಕು. ಬಾರದಿದ್ದರೆ ಕೇಳುವವರು ಇರಬೇಕು. ಒಂದು ಜಾಗಕ್ಕೆ ನಾವು ಸೇರಿದವರು ಎಂದು ಗೊತ್ತಾಗುವುದು ಅಲ್ಲಿ ಇದ್ದಾಗ ಅಲ್ಲ, ಇಲ್ಲದಿದ್ದಾಗ ಯಾರಾದರೂ ಹುಡುಕಿದರೆ.

ಆಮೇಲೆ ಅದೇ ಯುವಕ ಮತ್ತು ಅವನ ಗೆಳೆಯರಿಬ್ಬರು ಸೇರಿ ಒಂದು ಕೋಣೆಯಲ್ಲಿ ಇರುವಂತೆ ಏರ್ಪಾಡಾಯಿತು. ಅದೇ ಸಾಲಿನಲ್ಲಿ ಇಡ್ಲಿ ಮಾಡಿ ಮಾರುವ ಒಬ್ಬ ಅಮ್ಮ ಇದ್ದರು. ನಾವು ಅವರನ್ನು ಕೇಳಿಕೊಂಡದ್ದು ಒಂದೇ: "ಬೆಳಗ್ಗೆ ಮೂವರೂ ಎದ್ದರಾ, ರಾತ್ರಿ ಮೂವರೂ ಬಂದರಾ, ಅಷ್ಟು ನೋಡಿ." ಅವರು ಅಷ್ಟೇ ಮಾಡಿದರು. ಬಯ್ದರು ಕೂಡ. ಮೂವರಲ್ಲಿ ಒಬ್ಬ ನಾಲ್ಕು ತಿಂಗಳಲ್ಲಿ ಬಿಟ್ಟುಹೋದ. ಇಬ್ಬರು ನಿಂತರು. ಹಿಂದಿನ ಕೋಣೆಗಿಂತ ಇದು ಚಿಕ್ಕದು, ಫ್ಯಾನೂ ಸರಿಯಾಗಿ ತಿರುಗುತ್ತಿರಲಿಲ್ಲ.

ಬೀದಿಯ ಮಕ್ಕಳಿಗಾಗಿ ಬಹಳ ಕಾಲದಿಂದ ದುಡಿದವರು ಈ ದಾರಿಯಲ್ಲೇ ಕೆಲಸ ಮಾಡಿದ್ದಾರೆ. ಬೆಂಗಳೂರಿನಲ್ಲಿ 1980ರಲ್ಲಿ ಶುರುವಾದ ಬಾಸ್ಕೊ ಸಂಸ್ಥೆಯ ಪೂರ್ತಿ ಹೆಸರಿನಲ್ಲೇ "ಓಣಿಯವರ ಸೇವಾ ಕೂಟ" ಎಂದಿದೆ. ಅವರು ಮೊದಲು ಕಟ್ಟಡ ಕಟ್ಟಿ "ಬನ್ನಿ" ಎಂದು ಕರೆಯಲಿಲ್ಲ. ಹುಡುಗರಿದ್ದ ಬೀದಿಗೆ, ನಿಲ್ದಾಣಕ್ಕೆ ತಾವೇ ಹೋಗಿ ಗೆಳೆತನದಿಂದ ಆರಂಭಿಸಿದರು.

ಹದಿನೆಂಟು ತುಂಬಿದ ದಿನ

ನಮ್ಮ ಮನೆಗಳಲ್ಲಿ ಮಗನಿಗೆ ಹದಿನೆಂಟು ತುಂಬಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಮರುದಿನವೂ ಅಮ್ಮ ಚಹಾ ಕೊಡುತ್ತಾಳೆ. ಆದರೆ ಬಾಲಮಂದಿರದಲ್ಲಿ, ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಬೆಳೆದವರಿಗೆ ಹದಿನೆಂಟು ಎಂದರೆ ಅಲ್ಲಿಂದ ಹೊರಡುವ ವಯಸ್ಸು. ಒಟ್ಟಿಗೆ ಬೆಳೆದ ಗೆಳೆಯರು, ಊಟ ಬಡಿಸಿದ ಆಯಾ, ಮಲಗುತ್ತಿದ್ದ ಜಾಗ, ಎಲ್ಲವೂ ಒಮ್ಮೆಲೇ ಬಿಟ್ಟುಹೋಗುತ್ತದೆ. ಚಿಕ್ಕಂದಿನಲ್ಲಿ ಬೀದಿಯಿಂದ ಬಂದ ಮಗು ಹದಿನೆಂಟಕ್ಕೆ ಮತ್ತೆ ಬೀದಿಗೆ ಬೀಳುವ ಅಪಾಯ ಇರುವುದು ಇಲ್ಲಿ.

ಕಾನೂನು ಇದನ್ನು ಗಮನಿಸಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಂಸ್ಥೆಯಿಂದ ಹೊರಬರುವ ಯುವಜನರಿಗೆ ಹದಿನೆಂಟರ ನಂತರವೂ "ಅನುಪಾಲನೆ" ಎಂಬ ನೆರವು ಕೊಡಬಹುದು. ಸಾಮಾನ್ಯವಾಗಿ 21 ವರ್ಷದ ತನಕ, ವಿಶೇಷ ಸಂದರ್ಭದಲ್ಲಿ 23ರ ತನಕ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿ ಮಾಡಿದ್ದಾರೆ. ಆರೆಂಟು ಮಂದಿ ಒಟ್ಟಾಗಿ ಒಂದು ಮನೆಯಲ್ಲಿ ಇರುವ ಏರ್ಪಾಡಿಗೂ ನಿಯಮದಲ್ಲಿ ಅವಕಾಶ ಇದೆ. ವಿಚಾರಿಸಬೇಕಾದ ಜಾಗ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಹಣ ಸರ್ಕಾರ ಕೊಡಬಹುದು. ಆದರೆ "ದೀಪಾವಳಿಗೆ ಮನೆಗೆ ಬಾ" ಎಂದು ಕರೆಯುವುದು ಯಾವ ಇಲಾಖೆಯ ಕೆಲಸವೂ ಅಲ್ಲ.

ಹಾಗೆ ಬೆಳೆದ ಒಬ್ಬ ಹುಡುಗಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಹಬ್ಬದ ರಜೆ ಬಂದರೆ ಅವಳಿಗೆ ಭಯ. ಎಲ್ಲರೂ ಬ್ಯಾಗ್ ಹಿಡಿದು ಊರಿಗೆ ಹೊರಡುತ್ತಾರೆ. "ನೀನು ಯಾವ ಊರಿಗೆ?" ಎಂದು ಕೇಳಿದರೆ ಸುಳ್ಳು ಊರಿನ ಹೆಸರು ಹೇಳಿ, ಬಸ್ ಸ್ಟ್ಯಾಂಡಿಗೆ ಹೋಗಿ ಕೂತು, ಸಂಜೆ ವಾಪಸ್ಸು ಬರುತ್ತಿದ್ದಳು. ಒಂಟಿ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ದಿನವಿಡೀ ಕೂತಿದ್ದರೆ ಯಾರ ಕಣ್ಣಿಗೆ ಬೀಳುತ್ತಾಳೆ ಎಂದು ನಾವು ನಿಮಗೆ ಹೇಳಬೇಕಾಗಿಲ್ಲ. ಹುಡುಗಿಯರು ಫುಟ್‌ಪಾತಿನಲ್ಲಿ ಕಡಿಮೆ ಕಾಣುತ್ತಾರೆ. ಹಾಗೆಂದು ಮನೆಯಿಲ್ಲದ ಹುಡುಗಿಯರು ಕಡಿಮೆ ಎಂದಲ್ಲ. ಯಾರದೋ ಮನೆಗೆಲಸದಲ್ಲಿ, "ಮದುವೆ ಆಗ್ತೀನಿ" ಎಂದವನ ಕೋಣೆಯಲ್ಲಿ, ಕೆಲಸ ಕೊಡಿಸುತ್ತೇನೆ ಎಂದು ಕರೆದೊಯ್ದವರ ಹಿಡಿತದಲ್ಲಿ ಅವರು ಮರೆಯಾಗಿರುತ್ತಾರೆ. ಕಡೆಯವರಿಲ್ಲದ ಹುಡುಗಿಗೆ "ನಾನಿದ್ದೀನಿ" ಎಂದು ಮೊದಲು ಹೇಳುವವನು ಎಷ್ಟೋ ಸಲ ಕೆಟ್ಟವನೇ ಆಗಿರುತ್ತಾನೆ. ಅವನಿಗಿಂತ ಮೊದಲು ನಾವು ಹೇಳಬೇಕು.

ನಿಮ್ಮ ಕೈಯಲ್ಲಿ ಇರುವುದು

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇವೆ. ನಿಮ್ಮ ಸಂಘದ ಸಭೆ ಹೇಗೆ ಶುರುವಾಗುತ್ತದೆ? ಹಾಜರಿಯಿಂದ. ಒಬ್ಬಾಕೆ ಬಾರದಿದ್ದರೆ, "ಯಾಕೆ ಬಂದಿಲ್ಲ? ಹುಷಾರಿಲ್ವಾ?" ಎಂದು ಕೇಳುತ್ತೀರಿ. ಎರಡು ವಾರ ಬಾರದಿದ್ದರೆ ಮನೆಗೇ ಹೋಗುತ್ತೀರಿ. ಸಾಲ ಬೇಕೆಂದರೆ ಉಳಿದವರೆಲ್ಲ ಅವಳ ಬೆನ್ನಿಗೆ ನಿಲ್ಲುತ್ತೀರಿ.

1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿದಾಗ ಗುರಿ ಇದ್ದದ್ದು 500 ಸಂಘಗಳು ಮಾತ್ರ. ಅದಕ್ಕೆ ಮೊದಲು ಆಸ್ತಿಯಿಲ್ಲದ ಹೆಂಗಸಿಗೆ ಬ್ಯಾಂಕಿನಲ್ಲಿ ಕೇಳುತ್ತಿದ್ದ ಪ್ರಶ್ನೆಯೂ ಇದೇ: "ಜಾಮೀನು ಯಾರು? ನಿಮ್ಮ ಕಡೆಯವರು ಯಾರು?" ಆ ಪ್ರಶ್ನೆಗೆ ನೀವು ಕೊಟ್ಟ ಉತ್ತರ, "ನಾವೇ. ನಮಗೆ ನಾವೇ." ಹಣದ ಉಳಿತಾಯ ಹತ್ತು ಇಪ್ಪತ್ತು ರೂಪಾಯಿಯಿಂದ ಶುರುವಾಯಿತು. ಆದರೆ ಅದಕ್ಕಿಂತ ದೊಡ್ಡ ಗಳಿಕೆ, ಒಬ್ಬರಿಗೊಬ್ಬರು ಕಡೆಯವರಾದದ್ದು.

ಇದನ್ನು ಆ ಮಕ್ಕಳೂ ಮಾಡಬಲ್ಲರು. ನಮ್ಮ ರಾಜ್ಯದಲ್ಲೇ 1990ರಲ್ಲಿ ದುಡಿಯುವ ಮಕ್ಕಳು ಸೇರಿ "ಭೀಮ ಸಂಘ" ಕಟ್ಟಿಕೊಂಡರು. ದೆಹಲಿಯಲ್ಲಿ ಬಟರ್‌ಫ್ಲೈಸ್ ಎಂಬ ಸಂಸ್ಥೆಯ ನೆರವಿನಿಂದ 2001ರಲ್ಲಿ ಬೀದಿಯ ಮಕ್ಕಳು ತಮ್ಮದೇ ಬ್ಯಾಂಕ್ ಆರಂಭಿಸಿದರು. ತಮ್ಮಲ್ಲೇ ಒಬ್ಬರನ್ನು ಮ್ಯಾನೇಜರ್ ಆಗಿ ಆರಿಸಿಕೊಂಡು, ಪಾಸ್‌ಬುಕ್ ಇಟ್ಟುಕೊಂಡು, ದಿನದ ದುಡಿಮೆಯಲ್ಲಿ ಸ್ವಲ್ಪ ಸ್ವಲ್ಪ ಕಟ್ಟಿದರು. ಜೇಬಿನಲ್ಲಿಟ್ಟರೆ ರಾತ್ರಿ ಯಾರಾದರೂ ಕಿತ್ತುಕೊಳ್ಳುವ ಹಣ ಅಲ್ಲಿ ಉಳಿಯಿತು. ನಿಮ್ಮ ಸಂಘದ ಕತೆಯೇ ಅಲ್ವಾ ಇದು?

ನಾವೇನು ಮಾಡಬಹುದು?

ದೊಡ್ಡ ದೊಡ್ಡ ಕೆಲಸ ನಾವು ಕೇಳುವುದಿಲ್ಲ. ಐದು ಕೆಲಸ ಹೇಳುತ್ತೇವೆ.

1. ಮನೆಯೊಳಗೆ ಕೇಳಿಸಿಕೊಳ್ಳಿ. ಸಭೆಯಲ್ಲಿ ಗೆಳತಿಯ ಕಷ್ಟ ಒಂದು ಗಂಟೆ ಕೇಳುತ್ತೇವೆ. ಮಗ ಎರಡು ದಿನದಿಂದ ಸುಮ್ಮನಿದ್ದಾನೆ ಎಂದು ಗಮನಿಸುವುದಿಲ್ಲ. ಫಲಿತಾಂಶದ ದಿನ, ಜಗಳದ ದಿನ, ಅಪ್ಪ ಕುಡಿದು ಬಂದ ರಾತ್ರಿ, ಇವು ಮಕ್ಕಳು ಮನೆ ಬಿಡುವ ದಿನಗಳು. ಅಂಥ ದಿನ ನಿಮ್ಮ ಬೀದಿಯ ಆ ಮನೆಯ ಮಗುವನ್ನು ನಿಮ್ಮ ಮನೆಗೆ ಕರೆದು ಊಟ ಹಾಕಿದರೆ ಒಂದು ಪ್ರಯಾಣ ತಪ್ಪಬಹುದು.

2. ಹದಿನೆಂಟರೊಳಗಿನ ಮಗು ಒಂಟಿಯಾಗಿ ಕಂಡರೆ 1098ಕ್ಕೆ ಫೋನ್ ಮಾಡಿ. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ನೋಡಿಕೊಳ್ಳುತ್ತಿದೆ, 112ಕ್ಕೂ ಜೋಡಿಸಿದ್ದಾರೆ. ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎಂದು ಕಾನೂನು ಹೇಳುತ್ತದೆ. ಕನಿಕರದಿಂದಲೇ ಆದರೂ ತಿಳಿಸದೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಆದರೆ ಅಧಿಕಾರಿಗಳು ಬರುವ ತನಕ ಮಗುವಿನ ಪಕ್ಕದಲ್ಲೇ ಇರಿ. ಹೆಸರು ಕೇಳಿ, ಆ ಹೆಸರಿನಿಂದಲೇ ಕರೆಯಿರಿ.

3. ವಾಪಸ್ಸು ಬಂದವನಿಗೆ ಹಣೆಪಟ್ಟಿ ಹಚ್ಚಬೇಡಿ. ಹದಿನಾರರ ಒಬ್ಬ ಹುಡುಗನನ್ನು ಎರಡು ವರ್ಷದ ನಂತರ ಮನೆಗೆ ಮುಟ್ಟಿಸಲಾಯಿತು. ತಾಯಿ ಅತ್ತು ಅಪ್ಪಿಕೊಂಡಳು. ಆದರೆ ಊರಿನವರಿಗೆ ಅವನು "ಓಡಿಹೋದವನು" ಆಗಿಯೇ ಉಳಿದ. ಅಂಗಡಿಯಲ್ಲಿ ಏನೋ ಕಾಣೆಯಾದರೆ ಮೊದಲು ಅವನ ಜೇಬು ಹುಡುಕಿದರು. ಸಿಗಲಿಲ್ಲ. ಆದರೆ ಎರಡೇ ತಿಂಗಳಲ್ಲಿ ಅವನು ಮತ್ತೆ ಹೋದ. ಈ ಸಲ ಎಲ್ಲಿಗೆಂದು ಯಾರಿಗೂ ತಿಳಿಯಲಿಲ್ಲ. ಮನೆಯವರು ಮಾತ್ರ ಸ್ವೀಕರಿಸಿದರೆ ಸಾಲದು, ಊರು ಸ್ವೀಕರಿಸಬೇಕು. ಊರು ಎಂದರೆ ನಾವೇ.

4. ಹದಿನೆಂಟು ದಾಟಿದವರಿಗೆ ಪರಿಚಯದವರಾಗಿ. ನಿಮ್ಮ ಪೇಟೆಯ ಹೋಟೆಲಿನಲ್ಲಿ, ಬೇಕರಿಯಲ್ಲಿ, ಕಟ್ಟಡದ ಕೆಲಸದಲ್ಲಿ ಊರು ಹೇಳದ ಹುಡುಗರು ಇದ್ದಾರೆ. "ಎಲ್ಲಿ ಮಲಗ್ತೀಯಪ್ಪ?" ಎಂದು ಕೇಳಿ. ಕೆಲಸದ ಸುದ್ದಿ ಇದ್ದರೆ ಹೇಳಿ. ಬಾಡಿಗೆಗೆ ಕೋಣೆ ಇದ್ದರೆ, ಓನರಿಗೆ ಹೇಳಲು ಸಂಘದ ಇಬ್ಬರು ಜೊತೆಗೆ ಹೋಗಿ. ದುಡ್ಡು ಕೊಡಿ ಎಂದು ನಾವು ಹೇಳುತ್ತಿಲ್ಲ. "ಈ ಹುಡುಗನನ್ನು ನಾವು ಬಲ್ಲೆವು" ಎಂಬ ಮಾತು ಅಡ್ವಾನ್ಸಿಗಿಂತ ಬೆಲೆಯುಳ್ಳದ್ದು. ಆದರೆ ಒಬ್ಬರೇ ಮುಂದೆ ಹೋಗಬೇಡಿ. ಸಂಘದಲ್ಲಿ ಮಾತಾಡಿ, ತಿಳಿದುಕೊಂಡು, ಒಟ್ಟಾಗಿ ಮಾಡಿ. ಗೆಳೆಯರ ಜೊತೆ ಇದ್ದರೆ ಗೆಳೆಯರನ್ನೂ ಬೇರೆ ಮಾಡಬೇಡಿ.

5. ಪಟ್ಟಿಗೆ ಸೇರಲು ನೆರವಾಗಿ. ಮನೆಯಿಲ್ಲದವರಿಗೆ ಮತದಾನದ ಹಕ್ಕು ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಚುನಾವಣಾ ಆಯೋಗದ ನಿಯಮದಂತೆ ವಸತಿರಹಿತರು ವಿಳಾಸದ ದಾಖಲೆ ಕೊಡಬೇಕಾಗಿಲ್ಲ. ತಾನು ಮಲಗುವ ಜಾಗವನ್ನು ಅರ್ಜಿಯಲ್ಲಿ ಬರೆದರೆ, ಮತಗಟ್ಟೆ ಅಧಿಕಾರಿ ರಾತ್ರಿ ಅಲ್ಲಿಗೇ ಹೋಗಿ ನೋಡಿ ಖಚಿತ ಮಾಡಿಕೊಳ್ಳಬೇಕು. ಹೆಸರು ಒಂದು ಪಟ್ಟಿಯಲ್ಲಿ ಬಂದರೆ ಆ ಯುವಕ ಈ ಊರಿನವನಾದ.

ಕೊನೆಯ ಮಾತು

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಲ್ಲರಿಗೂ ಹೇಳಿದ್ದು ಒಂದೇ, "ಮನೆಯಲ್ಲೇ ಇರಿ." ರೈಲು ನಿಂತಿತು, ನಿಲ್ದಾಣದ ಬಾಗಿಲು ಮುಚ್ಚಿತು, ಹೋಟೆಲು ಮುಚ್ಚಿತು. ನಿಲ್ದಾಣವೇ ಮನೆಯಾಗಿದ್ದವರು ಎಲ್ಲಿಗೆ ಹೋಗಬೇಕು? ಆ ದಿನಗಳಲ್ಲಿ ಎಷ್ಟೋ ಊರುಗಳಲ್ಲಿ ಸ್ವಸಹಾಯ ಸಂಘದ ಹೆಂಗಸರು ಮಾಸ್ಕ್ ಹೊಲಿದರು, ಅಡುಗೆ ಮಾಡಿ ಹಂಚಿದರು. ಗುರುತಿಲ್ಲದವರಿಗೂ ಬಡಿಸಿದ ಕೈಗಳು ನಿಮ್ಮವು. ಈಗ ಅಷ್ಟು ಕಷ್ಟದ ಕೆಲಸ ಇಲ್ಲ. ಒಂದು ಹೆಸರು ಕೇಳಿಟ್ಟುಕೊಳ್ಳುವುದು, ಆ ಹೆಸರಿನವನು ಕಾಣದಿದ್ದರೆ ವಿಚಾರಿಸುವುದು, ಅಷ್ಟೇ.

ಗುರುತು ಹಿಡಿಯುವವರಿಲ್ಲದೆ ಶವಾಗಾರದಲ್ಲಿ ಉಳಿದುಹೋದ ಒಬ್ಬ ಯುವಕನ ಅಂತ್ಯಸಂಸ್ಕಾರಕ್ಕೆ ನಾವು ಹೋಗಿದ್ದೇವೆ. ಕಾಗದದಲ್ಲಿ ಹೆಸರಿನ ಜಾಗದಲ್ಲಿ "ಅಪರಿಚಿತ, ವಯಸ್ಸು ಸುಮಾರು 22" ಎಂದಿತ್ತು. ಇಪ್ಪತ್ತೆರಡು ವರ್ಷ ಈ ನೆಲದಲ್ಲಿ ನಡೆದಾಡಿದವನು ಅಪರಿಚಿತನಾಗಿ ಹೋಗಬಾರದು. ಅವನ ಊರಿನಲ್ಲೂ ಒಂದು ಸ್ವಸಹಾಯ ಸಂಘ ಇದ್ದಿರಬಹುದು.

ಮುಂದಿನ ವಾರ ನಿಮ್ಮ ಸಭೆಯಲ್ಲಿ ಹಾಜರಿ ಕರೆದ ಮೇಲೆ ಐದು ನಿಮಿಷ ಇದಕ್ಕೆ ಕೊಡಿ. 

ಸಂಘದ ಸಭೆಯಲ್ಲಿ ಚರ್ಚಿಸಲು

ಅ) ನಮ್ಮ ಊರಿನಿಂದ ಮನೆ ಬಿಟ್ಟು ಹೋದ ಮಕ್ಕಳು, ಯುವಜನರು ಯಾರಾದರೂ ಇದ್ದಾರೆಯೇ? ಅವರ ತಾಯಂದಿರನ್ನು ನಾವು ಮಾತನಾಡಿಸಿದ್ದೇವೆಯೇ?

ಆ) ಹೋಗಿ ಬಂದವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ?

ಇ) ನಮ್ಮ ಪೇಟೆಯಲ್ಲಿ ಕಡೆಯವರಿಲ್ಲದೆ ದುಡಿಯುವ ಯುವಕ ಯುವತಿಯರು ಎಲ್ಲೆಲ್ಲಿ ಇದ್ದಾರೆ? ಅವರಲ್ಲಿ ಒಬ್ಬರ ಹೆಸರನ್ನಾದರೂ ಮುಂದಿನ ಸಭೆಯೊಳಗೆ ಯಾರು ತಿಳಿದುಕೊಂಡು ಬರುತ್ತಾರೆ?

ಈ) 1098 ಸಂಖ್ಯೆಯನ್ನು ನಮ್ಮ ಊರಿನಲ್ಲಿ ಎಲ್ಲಿ ಬರೆಸಬಹುದು? ಖರ್ಚು ಎಷ್ಟು? ನಿರ್ಣಯ ಪುಸ್ತಕದಲ್ಲಿ ಬರೆಯಿರಿ.